ಒಂದು ಊರಿನ ಚರಿತ್ರೆ ಮತ್ತು ಜನಸಂಖ್ಯೆ: ಮರಕುಂಬಿಯ ನೆಪದಲ್ಲಿ

ಪದವಿ ತರಗತಿಯ ಹುಡುಗರಿಗೆ ವರ್ಷಕ್ಕೊಮ್ಮೆ ನಾನೊಂದು ಕೆಲಸ ಹಚ್ಚುತ್ತೇನೆ. ‘ನಮ್ಮ ಊರಿನ ಚರಿತ್ರೆ ಮತ್ತು ಜನಸಂಖ್ಯೆ’ ಎಂಬ ವಿಷಯದ ಮೇಲೆ ನಾಲ್ಕು ಪುಟ ಬರೆದು ತರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳು. ಶ್ರದ್ಧೆಯಿಂದ ಬರೆದು ತರುತ್ತಾರೆ. ಊರು ಬೇರೆ ಬೇರೆಯಾದರೂ ಬರಹ ಮಾತ್ರ ಒಂದೇ. ಮೊದಲಿಗೆ ಊರಿಗೆ ಹೆಸರು ಬಂದ ಬಗೆ. ಅದಕ್ಕೆ ಒಬ್ಬ ಋಷಿಯೋ ರಾಜನೋ ಬೇಕೇ ಬೇಕು. ಆಮೇಲೆ ಗುಡಿ, ಜಾತ್ರೆ, ಮಠವಿದ್ದರೆ ಮಠ. ಆಮೇಲೆ ಪಂಚಾಯ್ತಿಯಲ್ಲಿ ಕೇಳಿಕೊಂಡು ಬಂದ ಜನಸಂಖ್ಯೆ: ಗಂಡಸರು ಇಷ್ಟು, ಹೆಂಗಸರು ಇಷ್ಟು, ಒಟ್ಟು ಇಷ್ಟು. ಕೊನೆಗೆ ಯಾರೋ ಹೇಳಿಕೊಟ್ಟಂತೆ ಎಲ್ಲರೂ ಬರೆಯುವ ಒಂದು ವಾಕ್ಯವುಂಟು: ‘ನಮ್ಮ ಗ್ರಾಮದಲ್ಲಿ ಎಲ್ಲ ಜಾತಿ ಜನಾಂಗದವರು ಅನ್ಯೋನ್ಯವಾಗಿ ಬದುಕುತ್ತಿದ್ದಾರೆ.’

ಒಂದು ವರ್ಷ ಒಂದೇ ಹಳ್ಳಿಯ ಇಬ್ಬರು ಬರೆದು ತಂದಿದ್ದರು. ಹುಡುಗನದು ನಾಲ್ಕು ಪುಟ, ಹುಡುಗಿಯದು ಒಂದೇ ಪುಟ. ‘ಯಾಕವ್ವ, ಒಂದ ಪುಟಕ್ಕ ನಿಲ್ಲಿಸೀದಿ?’ ಅಂದೆ. ಆಕೆ ಸಹಜವಾಗಿಯೇ ಹೇಳಿದಳು: ‘ಊರಿಂದು ಅಂವ ಬರದಾನಲ್ರೀ ಸರ. ನಮ್ಮ ಕೇರಿದು ಬರ್ಯಾಕ ಏನೈತ್ರಿ?’

ಈ ಮಾತಿನಲ್ಲಿ ದೂರು ಇರಲಿಲ್ಲ. ಆ ಹುಡುಗಿ ಒಂದು ಸಂಗತಿಯನ್ನು ವರದಿ ಮಾಡುತ್ತಿದ್ದಳು, ಅಷ್ಟೆ. ಊರಿಗೆ ಚರಿತ್ರೆ ಇದೆ, ಕೇರಿಗೆ ಬರಿಯ ಜನಸಂಖ್ಯೆ ಇದೆ. ನಾನೂ ಕೇರಿಯಿಂದ ಬಂದವನೇ. ಎಂ.ಎ. ಓದುವಾಗ ನಾನು ಬರೆದ ಪ್ರಬಂಧದಲ್ಲೂ ಚಾಲುಕ್ಯರಿದ್ದರು, ರಾಷ್ಟ್ರಕೂಟರಿದ್ದರು. ನಮ್ಮ ಮುತ್ಯಾ ಇರಲಿಲ್ಲ. ಆದ್ದರಿಂದ ಆಕೆಗೆ ಅವತ್ತು ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಈ ಲೇಖನ ಆ ಸಾಲದ ಒಂದು ಕಂತು ಎಂದು ತಿಳಿದರೆ ಸಾಕು.

ಹುಡುಗರನ್ನು ಬಯ್ದು ಪ್ರಯೋಜನವಿಲ್ಲ. ನಮ್ಮ ಸೀಮೆಯ ಅಧಿಕೃತ ಚರಿತ್ರೆಯೇ ಹಾಗಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣಯುಗದ ಜನ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಗೋರಿಮನೆಗಳಿವೆ. ಬಡಿದರೆ ದೂರಕ್ಕೆ ಕೇಳುವ ನಗಾರಿಗುಂಡೂ ಅಲ್ಲಿದೆ. ನಮ್ಮ ಮಂದಿ ಅವನ್ನು ‘ಮೋರೇರ ಮನಿ’ ಅನ್ನುತ್ತಾರೆ. ಕುಳ್ಳ ಜನ ಕಟ್ಟಿದರಂತೆ, ಬೆಂಕಿಮಳೆಗೆ ಸತ್ತರಂತೆ. ಅಷ್ಟು ದೊಡ್ಡ ಕಲ್ಲೆತ್ತಿದವರ ಪಾಲಿಗೆ ಉಳಿದದ್ದು ಒಂದು ಕಟ್ಟುಕತೆ. ಯಾಕೆಂದರೆ ಅವರು ಬರೆಯಲಿಲ್ಲ. ಬರೆಸಿದವರ ಕಾಲ ಬಂದ ಮೇಲೆ ಚರಿತ್ರೆಯೆಂದರೆ ದಾನ ಕೊಟ್ಟವರ ಮತ್ತು ಪಡೆದವರ ಪಟ್ಟಿ. ಇಟಗಿಯಲ್ಲಿ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಇರಲಿ, ಗುಡಿ ಚಂದವೇ ಇದೆ. ಆದರೆ ಅದೇ ಕಾಲದ ದಾನಶಾಸನಗಳನ್ನು ಕಡೆಯ ಸಾಲಿನವರೆಗೂ ಓದಿದವರಿಗೆ ಗೊತ್ತು, ಅಲ್ಲಿ ಶಾಪವೊಂದು ಇರುತ್ತದೆ. ದಾನವನ್ನು ಕೆಡಿಸಿದವನಿಗೆ ಗೋಹತ್ಯೆಯ ಪಾಪ, ಹುಳುವಾಗಿ ಹುಟ್ಟುವ ಶಿಕ್ಷೆ, ಕೆಲವು ಕಡೆ ಚಂಡಾಲನಾಗಿ ಹುಟ್ಟುವ ಶಿಕ್ಷೆ. ಅಂದರೆ ಶಾಸನದ ಕಲ್ಲಿನ ಮೇಲೆ ನಮ್ಮವರಿಗೂ ಜಾಗವಿತ್ತು. ಬೈಗುಳದ ಜಾಗ.

ಇದಕ್ಕೆ ಅಪವಾದವೊಂದನ್ನು ಹೇಳದಿದ್ದರೆ ತಪ್ಪಾದೀತು. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಪಕ್ಕದ ಪಾಲ್ಕಿಗುಂಡಿನ ಮೇಲೂ ಅಶೋಕನ ಕಿರು ಶಿಲಾಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನದು ಸವೆದುಹೋಗಿದೆ, ಗವಿಮಠದ್ದು ಓದಲು ಬರುತ್ತದೆ. ಅದರ ಸಾರಾಂಶ ಇಷ್ಟು: ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವನೂ ಪರಿಶ್ರಮಪಟ್ಟರೆ ದೊಡ್ಡ ಸ್ವರ್ಗವನ್ನೇ ಪಡೆಯಬಲ್ಲ. ಸಣ್ಣವರನ್ನು ಕುರಿತು ಈ ನೆಲದ ಬಂಡೆಯೊಂದು ಶಾಪವಿಲ್ಲದೆ ಮಾತಾಡಿದ್ದು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ. ಜನವರಿಯ ಜಾತ್ರೆಗೆ ಅದೇ ಬೆಟ್ಟದ ಕೆಳಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮೇಲಿನ ಬಂಡೆಯಲ್ಲಿ ಏನು ಬರೆದಿದೆ ಎಂದು ನನ್ನ ವಿದ್ಯಾರ್ಥಿಗಳಲ್ಲಿ ಕೇಳಿದರೆ, ‘ದೇವರ ಹೆಸರು ಇರಬೇಕ್ರಿ’ ಅನ್ನುತ್ತಾರೆ.

ಊರಿನ ಬಗ್ಗೆ ನಿಜವಾದ ತಿಳುವಳಿಕೆ ಯಾರ ಬಳಿ ಇತ್ತು? ಹಳೆಯ ಹಳ್ಳಿ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದವರಿಗೆ ಇದಕ್ಕೆ ಉತ್ತರ ಗೊತ್ತು. ಗೌಡ, ಕುಲಕರ್ಣಿಯರ ದಫ್ತರು ಚಾವಡಿಯಲ್ಲಿತ್ತು. ಆದರೆ ಯಾವ ಹೊಲದ ಬಾಂದು ಎಲ್ಲಿ, ಯಾವ ಹಳ್ಳ ಯಾವ ಕಡೆ ತಿರುಗಿತು, ಗಡಿಗಲ್ಲು ಯಾವ ಮಳೆಗೆ ಕೊಚ್ಚಿಹೋಯಿತು ಎಂಬ ಲೆಕ್ಕ ಇದ್ದದ್ದು ಹೊಲಗೇರಿಯ ಕುಲವಾಡಿಯ ತಲೆಯಲ್ಲಿ. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಅವನು ನಡೆದದ್ದೇ ಗಡಿ. ಊರಿನ ಎಲ್ಲೆಯನ್ನು ಹೇಳುವವನು ಅವನು, ಊರಿನ ಎಲ್ಲೆಯ ಹೊರಗೆ ಇರಬೇಕಾದವನೂ ಅವನೇ. ಹೆಣ ಬಿದ್ದರೆ ಸುದ್ದಿ ಒಯ್ಯಲು, ಅಮಲ್ದಾರರು ಬಂದರೆ ಕುದುರೆಗೆ ಹುಲ್ಲು ಹೊರಲು, ದನ ಸತ್ತರೆ ಎಳೆಯಲು, ಡಂಗುರಕ್ಕೆ ಹಲಗಿ ಬಡಿಯಲು ಕೇರಿ ಬೇಕು. ಹಬ್ಬದ ದಿನ ಅಗಸಿ ಬಾಗಿಲ ಒಳಗೆ ಅದೇ ಕೇರಿ ಬೇಡ. ನಮ್ಮ ಮುತ್ಯಾ ವಾಲಿಕಾರಿಕೆ ಮಾಡಿದವ. ‘ಊರಾಗ ಎಷ್ಟು ಮನಿ ಅದಾವ ಅಂತ ಗೌಡಗ ಗೊತ್ತಿದ್ದಿಲ್ಲ, ನನಗ ಗೊತ್ತಿತ್ತು. ಯಾಕಂದ್ರ ಪ್ರತಿ ಮನಿ ಮುಂದ ನಿಂತು ರೊಟ್ಟಿ ಕೇಳಾಂವ ನಾನ’ ಎಂದು ಆತ ಹೇಳುತ್ತಿದ್ದ. ಮನೆಗಳ ಎಣಿಕೆ ನಮ್ಮ ಕೇರಿಗೆ ಬಂದದ್ದು ಹೀಗೆ.

ಸರ್ಕಾರದ ಎಣಿಕೆ ತಡವಾಗಿ ಬಂತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಖಾನೇಸುಮಾರಿ ನಡೆದದ್ದು 1881ರಲ್ಲಿ. ಆಗ ಕೊಪ್ಪಳ ಮತ್ತು ಯಲಬುರ್ಗಾ ಸೀಮೆ ಸಾಲಾರ್‌ಜಂಗರ ಜಹಗೀರು. ಖಾನೇಸುಮಾರಿಯ ಒಂದು ಉಪಕಾರವನ್ನು ಒಪ್ಪಿಕೊಳ್ಳಬೇಕು: ಅಗಸಿಯ ಒಳಗಿನವರನ್ನೂ ಹೊರಗಿನವರನ್ನೂ ಒಂದೇ ಕಾಗದದ ಮೇಲೆ ಕೂರಿಸಿದ ಮೊದಲ ದಾಖಲೆ ಅದು. ಬ್ರಾಹ್ಮಣನೂ ಒಂದು ತಲೆ, ಮಾದಿಗನೂ ಒಂದು ತಲೆ. ನಮ್ಮ ಹಿರಿಯರಿಗೆ ಇದರ ಮಹತ್ವ ಬೇಗ ತಿಳಿಯಿತು. ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮರು ಮತ್ತು ಅವರ ಸಂಗಾತಿಗಳು ಹೋರಾಡಿದ್ದರಿಂದ 1931ರ ಗಣತಿಯಲ್ಲಿ ಅಸ್ಪೃಶ್ಯರು ‘ಆದಿಹಿಂದು’ ಎಂದು ದಾಖಲಾದರು. ತುಂಗಭದ್ರೆಯ ಆಚೆ ಮೈಸೂರಿನಲ್ಲಿ ‘ಆದಿಕರ್ನಾಟಕ’, ‘ಆದಿದ್ರಾವಿಡ’ ಆದರು. ಈ ಆದಿ ಎಂಬ ಎರಡಕ್ಷರದಲ್ಲಿ ಒಂದು ಚರಿತ್ರೆಯ ದಾವೆ ಇದೆ: ನಾವು ಊರಿನ ಹೊರಗೆ ಬಂದು ನಿಂತವರಲ್ಲ, ಊರಿಗಿಂತ ಮೊದಲು ಇದ್ದವರು. ಜನಸಂಖ್ಯೆಯ ಪಟ್ಟಿಯ ಒಳಗೆ ಚರಿತ್ರೆಯನ್ನು ನುಗ್ಗಿಸಿದ ಆ ಜಾಣತನಕ್ಕೆ ನಮ್ಮ ವಿಮರ್ಶೆ ಇನ್ನೂ ಸರಿಯಾದ ಮರ್ಯಾದೆ ಕೊಟ್ಟಿಲ್ಲ. ಅದೇ ಹೆಸರುಗಳು ಒಳಗಿನ ಹೊಲೆಯ–ಮಾದಿಗ ಲೆಕ್ಕವನ್ನು ಮುಚ್ಚಿಹಾಕಿದವು ಎಂಬುದೂ ನಿಜ. ಒಳಮೀಸಲಾತಿಗಾಗಿ ನಾಗಮೋಹನದಾಸ್ ಆಯೋಗ 2025ರಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ ಆ ಗಂಟನ್ನು ಬಿಚ್ಚಲು ಎಷ್ಟು ಪಾಡಾಯಿತೆಂದು ಕೇರಿಯಲ್ಲಿ ಕೂತು ನೋಡಿದವರಿಗೆ ಗೊತ್ತು.

ಈಗಿನ ಗಣತಿಯ ಹಳ್ಳಿಪಟ್ಟಿಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ಅದರಲ್ಲಿ ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚು ಪರಿಶಿಷ್ಟ ಜಾತಿಯವರು. ಪ್ರತಿ ಹಳ್ಳಿಗೂ ಒಂದು ಸಾಲು: ಕುಟುಂಬಗಳು, ಒಟ್ಟು ಜನ, ಆರು ವರ್ಷದೊಳಗಿನ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಸಾಗುವಳಿದಾರರು, ಕೃಷಿ ಕೂಲಿಕಾರರು. ಆ ಸಾಲಿನಲ್ಲಿ ಪರಿಶಿಷ್ಟ ಜಾತಿಯ ಅಂಕಣ ಒಂದು ಕಡೆ, ಕೂಲಿಕಾರರ ಅಂಕಣ ಇನ್ನೊಂದು ಕಡೆ. ಎರಡರ ನಡುವಿನ ಗೆರೆಯನ್ನು ಓದುವವನೇ ಎಳೆದುಕೊಳ್ಳಬೇಕು. ಸೌಲಭ್ಯಗಳ ಪಟ್ಟಿಯಲ್ಲಿ ಕುಡಿಯುವ ನೀರು ‘ಇದೆ’ ಎಂದಿರುತ್ತದೆ. ನೀರು ಇದೆ, ಸರಿ. ಆ ನೀರಿಗೆ ಯಾರ ಕೊಡ ತಾಗಬಹುದು? ಹತ್ತಿರದ ಪಟ್ಟಣಕ್ಕೆ ಎಷ್ಟು ಕಿಲೋಮೀಟರು ಎಂದು ಅಳೆದಿರುತ್ತಾರೆ. ಕೇರಿಯಿಂದ ಊರಿನ ಚಹಾದಂಗಡಿಯ ಬೆಂಚಿಗೆ ಎಷ್ಟು ದೂರ ಎಂದು ಅಳೆದವರಿಲ್ಲ. ತಲೆ ಎಣಿಸುವ ಕೆಲಸದಲ್ಲಿ ಸಮಾನತೆ ತಂದ ಗಣತಿ, ಅದೇ ಸಮಾನತೆಯ ಸುಣ್ಣವನ್ನು ಗೋಡೆಯ ಮೇಲೆ ಬಳಿದು ಬಿರುಕನ್ನೂ ಮುಚ್ಚಿಬಿಡುತ್ತದೆ.

ಜಮೀನಿನ ಮಾತನ್ನು ಬಿಟ್ಟು ನಮ್ಮ ಸೀಮೆಯ ಜನಸಂಖ್ಯೆ ಅರ್ಥವಾಗುವುದಿಲ್ಲ. ಬಾಬಾಸಾಹೇಬರ ಮುಂದಾಳತ್ವದಲ್ಲಿ 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ ಸಮ್ಮೇಳನ ಒಂದು ಠರಾವು ಮಾಡಿತ್ತು: ಸರ್ಕಾರ ಪಾಳುಭೂಮಿಯಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಹಳ್ಳಿಗಳನ್ನು ಕಟ್ಟಿಕೊಡಬೇಕು. ಹೈದರಾಬಾದ್ ಕರ್ನಾಟಕದಲ್ಲಿ ಬಿ. ಶ್ಯಾಮಸುಂದರರು 1968ರಲ್ಲಿ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದಾಗಲೂ ಪ್ರತ್ಯೇಕ ವಸತಿಯ ಬೇಡಿಕೆ ಇತ್ತು. ಆಗ ಇದನ್ನು ಹುಚ್ಚು ಮಾತೆಂದರು. ಹಳ್ಳಿಯನ್ನು ಹಾಗೆ ಹೊಸದಾಗಿ ಕಟ್ಟಲು ಬರುತ್ತದೇನು, ಅದು ಶತಮಾನಗಳಲ್ಲಿ ಬೆಳೆಯುವಂಥದ್ದಲ್ಲವೇ ಎಂದರು.

ಬರುತ್ತದೆ ಎಂಬುದಕ್ಕೆ ಗಂಗಾವತಿಯೇ ಸಾಕ್ಷಿ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1953ರಿಂದ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಎರೆಹೊಲಗಳನ್ನು ಕರಾವಳಿ ಆಂಧ್ರದಿಂದ ಬಂದ ರೈತರು ಅಗ್ಗದ ದರಕ್ಕೆ ಕೊಂಡು ಗದ್ದೆ ಮಾಡಿದರು. ಅವರು ಇಳಿದುಕೊಂಡ ಜಾಗಗಳೇ ‘ಕ್ಯಾಂಪು’ಗಳು. ಇವತ್ತು ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕ್ಯಾಂಪೆಂದರೆ ಡೇರೆಯಲ್ಲ. ಗುಡಿ, ಶಾಲೆ, ಅಕ್ಕಿಗಿರಣಿ ಇರುವ ಭರ್ತಿ ಊರು. ಒಂದೆರಡು ತಲೆಮಾರಿನಲ್ಲಿ ಹೊಸ ಹಳ್ಳಿಗಳು ಎದ್ದವು. ನೀರೂ ಭೂಮಿಯೂ ಬ್ಯಾಂಕಿನ ಸಾಲವೂ ಇದ್ದವರಿಗೆ ಎದ್ದವು. ಆ ರೈತರ ದುಡಿಮೆಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ನಮ್ಮ ಮಂದಿ ಅವರ ಗದ್ದೆಯಲ್ಲಿ ನಾಟಿ ಹಚ್ಚಿ ದಿನಗೂಲಿ ಕಂಡದ್ದೂ ಹೌದು, ಗೌಡರ ಜೀತಕ್ಕಿಂತ ಆ ಕೂಲಿ ಮೇಲು ಎಂದದ್ದೂ ಹೌದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹೊಸ ಊರುಗಳು ಹುಟ್ಟುತ್ತಿದ್ದ ಆ ಕಾಲದಲ್ಲಿ ನಾಗಪುರದ ಠರಾವಿನ ಒಂದೇ ಒಂದು ಹಳ್ಳಿ ಕಾಲುವೆಯ ಬದಿಗೆ ಯಾಕೆ ಏಳಲಿಲ್ಲ? ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, ಚಾಕರಿ ಮಾಡಿದವರಿಗೆ ಇನಾಮು ಹೊಲ ಮರಳಿ ಮಂಜೂರು ಎಂದಿತು. ನಮ್ಮ ಮುತ್ಯಾನ ಹೊಲ ಅಷ್ಟು ಹೊತ್ತಿಗೆ ಬರಗಾಲದ ಎರಡು ಚೀಲ ಜೋಳದ ಸಾಲಕ್ಕೆ ಹೋಗಿಬಿಟ್ಟಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ ಬಂದದ್ದು 1978ರಲ್ಲಿ. ಅದರ ಸುದ್ದಿ ನಮ್ಮ ಕೇರಿಗೆ ಮುಟ್ಟುವ ಹೊತ್ತಿಗೆ ಮುತ್ಯಾ ಇರಲಿಲ್ಲ.

ಈಗ ಮರಕುಂಬಿಗೆ ಬರೋಣ.

ಗಂಗಾವತಿ ತಾಲ್ಲೂಕಿನ ಈ ಹಳ್ಳಿಯ ಹೆಸರನ್ನು ಯಾವ ಚರಿತ್ರೆಯ ಪಠ್ಯವೂ ನನಗೆ ಕಲಿಸಲಿಲ್ಲ. ಇಟಗಿ, ಕುಕನೂರು, ಆನೆಗುಂದಿಗಳಂತೆ ಅದು ಪ್ರವಾಸಿಗರ ಊರಲ್ಲ. ಗಣತಿಯ ಪಟ್ಟಿಯಲ್ಲಿ ಅದಕ್ಕೊಂದು ಸಾಲಿದೆ, ಉಳಿದ ಹಳ್ಳಿಗಳಿಗಿರುವಂಥದೇ ಸಾಲು. ಅಲ್ಲಿಯ ಕೇರಿಯವರಿಗೆ ಊರಿನ ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ಪ್ರವೇಶವಿರಲಿಲ್ಲ. ಇದನ್ನು ಪ್ರಶ್ನಿಸುವ ಹುಡುಗರು ಹುಟ್ಟಿಕೊಂಡರು. ಅದೇ ನಿಜವಾದ ಕಾರಣ, ಉಳಿದದ್ದು ನೆಪ. 2014ರ ಆಗಸ್ಟ್ 28ರಂದು ಗಂಗಾವತಿಯ ಟಾಕೀಜೊಂದರಲ್ಲಿ ಸಿನೆಮಾ ನೋಡಲು ಹೋದಾಗ ಆದ ಜಗಳದ ನೆಪವಿಟ್ಟುಕೊಂಡು ಗುಂಪೊಂದು ಕೇರಿಗೆ ನುಗ್ಗಿತು. ಬಡಿದರು, ಗುಡಿಸಲುಗಳಿಗೆ ಬೆಂಕಿ ಹಚ್ಚಿದರು.

ಆಮೇಲಿನದು ಹೋರಾಟದ ಚರಿತ್ರೆ. ಗಂಗಾವತಿಯಲ್ಲಿ ಧರಣಿ, ಮರಕುಂಬಿಯಿಂದ ಬೆಂಗಳೂರಿಗೆ ಪಾದಯಾತ್ರೆ, ತಿಂಗಳುಗಟ್ಟಲೆ ಊರಿನಲ್ಲಿ ಪೊಲೀಸ್ ಕಾವಲು. ಈ ಸಂಚಿಕೆ ಓದುವ ಗೆಳೆಯರಲ್ಲಿ ಕೆಲವರಾದರೂ ಆ ದಾರಿಯಲ್ಲಿ ಹೆಜ್ಜೆ ಹಾಕಿರಬಹುದು. ಅದೇ 2014ರಲ್ಲಿ ಕಂಬಾಲಪಲ್ಲಿಯ ಪ್ರಕರಣದಲ್ಲಿ ಹೈಕೋರ್ಟು ಆರೋಪಿಗಳ ಖುಲಾಸೆಯನ್ನು ಎತ್ತಿಹಿಡಿದಿತ್ತು. 2000ದ ಮಾರ್ಚಿನಲ್ಲಿ ಅಲ್ಲಿ ಏಳು ಜನ ದಲಿತರನ್ನು ಸಜೀವವಾಗಿ ಸುಟ್ಟಿದ್ದರು. ಕಾನೂನಿನ ಕಣ್ಣಿಗೆ ಸುಟ್ಟವರು ಯಾರೂ ಇರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದಿದ್ದರು. ಅವರು ಯಾಕೆ ತಿರುಗಿಬಿದ್ದರು ಎಂದು ತಿಳಿಯಲು ದೊಡ್ಡ ಸಂಶೋಧನೆ ಬೇಕಿಲ್ಲ. ಸಾಕ್ಷಿ ಹೇಳಿದ ಮೇಲೆ ಮರುದಿನ ಅದೇ ಊರಿನ ಹೊಲಕ್ಕೆ ಕೂಲಿಗೆ ಹೋಗಬೇಕು, ಅದೇ ಕಿರಾಣಿ ಅಂಗಡಿಯಲ್ಲಿ ಉದ್ರಿ ಕೇಳಬೇಕು. ಕಾಲುವೆ ಬದಿಯಲ್ಲಿ ಏಳದೆ ಹೋದ ಆ ಪ್ರತ್ಯೇಕ ಹಳ್ಳಿಯ ಪ್ರಶ್ನೆ ಇಲ್ಲಿಗೆ ಬಂದು ಮುಟ್ಟುತ್ತದೆ.

ಆದರೆ ಮರಕುಂಬಿಯ ಸಾಕ್ಷಿಗಳು ನಿಂತರು. ಹತ್ತು ವರ್ಷ ಅದೇ ಊರಿನಲ್ಲಿದ್ದುಕೊಂಡು ನಿಂತರು. ಆರೋಪಪಟ್ಟಿಯಲ್ಲಿ 117 ಜನರಿದ್ದರು, ವಿಚಾರಣೆ ಮುಗಿಯುವಷ್ಟರಲ್ಲಿ ಕೆಲವರು ತೀರಿಹೋಗಿದ್ದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಸೆಷನ್ಸ್ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು. 98 ಜನರಿಗೆ ಜೀವಾವಧಿ. ದಲಿತರ ಮೇಲಿನ ದೌರ್ಜನ್ಯದ ಪ್ರಕರಣವೊಂದರಲ್ಲಿ ಇಷ್ಟು ಜನರಿಗೆ ಒಟ್ಟಿಗೆ ಜೀವಾವಧಿ ಆದದ್ದು ಈ ದೇಶದಲ್ಲೇ ಅಪರೂಪ. ಮರುತಿಂಗಳೇ ಧಾರವಾಡದ ಹೈಕೋರ್ಟ್ ಪೀಠ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅವರಲ್ಲಿ ಬಹುಪಾಲು ಜನರಿಗೆ ಜಾಮೀನು ಕೊಟ್ಟಿತು. ಊರಿನವರು ಊರಿಗೆ ಮರಳಿದರು. ಕೇರಿಯವರು ಎಲ್ಲಿಗೂ ಹೋಗಿರಲಿಲ್ಲ.

ಪತ್ರಿಕೆಗಳು ‘98’ ಎಂಬ ಅಂಕಿಯನ್ನು ದೊಡ್ಡಕ್ಷರದಲ್ಲಿ ಹಾಕಿದವು. ನನ್ನನ್ನು ಕಾಡಿದ್ದು ಉಳಿದ ‘3’. ಆ ಮೂವರಿಗೆ ಐದು ವರ್ಷದ ಶಿಕ್ಷೆ. ಕಾರಣವೆಂದರೆ ಅವರೂ ಪರಿಶಿಷ್ಟರೇ. ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ. ಈ ಮೂರು ಎಂಬ ಅಂಕಿಯನ್ನು ದಾಟಿ ಮುಂದೆ ಹೋಗಲು ನನಗಾಗಲಿಲ್ಲ. ನಮ್ಮ ಭಾಷಣಗಳಲ್ಲಿ ‘ಸವರ್ಣೀಯರು’ ಎಂಬ ಒಂದು ಮಾತಿದೆ. ಆ ಮಾತು ಹೇಳಿಬಿಟ್ಟರೆ ನಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ಕೇರಿಗೆ ನುಗ್ಗಿದ್ದು ಒಂದು ಜಾತಿಯಲ್ಲ, ಊರು. ಊರೆಂಬುದು ಮೇಲಿನವರ ಮನೆಗಳ ಒಟ್ಟು ಮೊತ್ತ ಅಷ್ಟೇ ಆಗಿದ್ದರೆ ಅದು ಎಂದೋ ಕುಸಿಯುತ್ತಿತ್ತು. ಕೇರಿಗಿಂತ ಒಂದು ಕೂದಲೆಳೆ ಮೇಲಿದ್ದೇವೆ ಎಂದುಕೊಂಡ ಪ್ರತಿಯೊಬ್ಬನನ್ನೂ ಅದು ಒಳಗೆ ಕರೆದುಕೊಳ್ಳುತ್ತದೆ, ಕರೆದುಕೊಂಡು ಕೈಗೆ ಕಲ್ಲು ಕೊಡುತ್ತದೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಇದನ್ನೇ ವಿವರಿಸಿದರು. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಮರಕುಂಬಿಯ ತೀರ್ಪಿನಲ್ಲಿ ಅದು ಅಂಕಿಯಾಗಿ ಕೂತಿದೆ. ದಲಿತ–ಹಿಂದುಳಿದವರ ಐಕ್ಯತೆಯ ಬಗ್ಗೆ ಬರೆಯುವವರು, ನಾನೂ ಸೇರಿ, ಈ ಅಂಕಿಯ ಎದುರಿಗೆ ಕೂತು ಬರೆಯಬೇಕು.

ಆದ್ದರಿಂದಲೇ ಹೇಳುವುದು, ಮರಕುಂಬಿಯ ನಿಜವಾದ ಖಾನೇಸುಮಾರಿ ಆದದ್ದು ನ್ಯಾಯಾಲಯದಲ್ಲಿ. ಊರಿನ ಜನ ಯಾರು, ಕೇರಿಯ ಜನ ಯಾರು, ನಡುವಿನ ಗೆರೆ ಎಲ್ಲಿ, ಆ ಗೆರೆ ದಾಟಿದವರು ಯಾರು ಎಂಬುದನ್ನು ಹೆಸರು ಹಿಡಿದು ಬರೆದ ಕಡತ ಅದು. ಶಾಸನ ಬರೆಯದ್ದನ್ನು, ಗಣತಿ ಬೇರೆ ಬೇರೆ ಅಂಕಣಕ್ಕೆ ಹಂಚಿಬಿಟ್ಟದ್ದನ್ನು ಆ ಕಡತ ಕೂಡಿಸಿ ಬರೆಯಿತು. ಅದನ್ನು ಬರೆಸಿದವರು ಗುಡಿಸಲು ಸುಟ್ಟುಕೊಂಡ ಕೂಲಿಕಾರರು. ಅವರ ಹಿಂದಿನ ಪೀಳಿಗೆ ಊರಿನ ಗಡಿ ಯಾವುದೆಂದು ನಡೆದು ತೋರಿಸುತ್ತಿತ್ತು. ಇವರು ಕಟಕಟೆಯಲ್ಲಿ ನಿಂತು ತೋರಿಸಿದರು. ಚರಿತ್ರೆಯ ಅಧ್ಯಾಪಕರು ತಾಮ್ರಪಟಗಳಿಗಾಗಿ ಅಲೆಯುತ್ತೇವೆ. ಜಿಲ್ಲಾ ನ್ಯಾಯಾಲಯದ ಕಡತ, ಪೊಲೀಸ್ ಠಾಣೆಯ ಮೊದಲ ವರದಿ, ತಹಸೀಲ್ದಾರರಿಗೆ ಕೇರಿಯವರು ಹೆಬ್ಬೆಟ್ಟು ಒತ್ತಿ ಕೊಟ್ಟ ಅರ್ಜಿ, ಇವೂ ಆಕರಗಳೆಂದು ನಮಗೆ ಯಾರೂ ಕಲಿಸಲಿಲ್ಲ. ಕೆಲವು ವರ್ಷಗಳ ಗಡುವು ಮುಗಿದರೆ ಇಂಥ ಕಾಗದಗಳು ರದ್ದಿಗೆ ಹೋಗುತ್ತವೆ ಎಂಬ ಎಚ್ಚರ ನಮಗಿರಬೇಕು.

ಮರಕುಂಬಿ ಒಂಟಿ ಊರಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಮಗು ಹುಟ್ಟುಹಬ್ಬದ ದಿನ ಹನುಮಂತದೇವರ ಗುಡಿಯೊಳಗೆ ಓಡಿಹೋಯಿತು. ಅಪ್ಪ ಹೊರಗಿನಿಂದಲೇ ಕೈಮುಗಿಯಲು ಕರೆದುಕೊಂಡು ಬಂದಿದ್ದ. ಮಗುವಿಗೆ ಹೊರಗು ಯಾವುದು ಒಳಗು ಯಾವುದು ಇನ್ನೂ ಗೊತ್ತಿರಲಿಲ್ಲ. ಶುದ್ಧಿಯ ಖರ್ಚಿಗೆಂದು ತಾಯಿತಂದೆಗೆ 25 ಸಾವಿರ ರೂಪಾಯಿ ದಂಡ ಹೇಳಿದರು. 2024ರ ಆಗಸ್ಟಿನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಹಾಳದಲ್ಲಿ ಕ್ಷೌರ ಮಾಡಿಸಿಕೊಳ್ಳಲು ಹೋದ ದಲಿತ ಯುವಕನ ಕೊಲೆಯಾಯಿತು. ಗುಡಿ, ಕ್ಷೌರದಂಗಡಿ, ಹೋಟೆಲು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೇರಿಯ ಚರಿತ್ರೆ ಈ ಮೂರು ಹೊಸ್ತಿಲುಗಳ ಮೇಲೆ ನಡೆಯುತ್ತಿದೆ. ಈ ಎರಡೂ ಊರಿನ ಹುಡುಗರು ನನ್ನ ತರಗತಿಗೆ ಬಂದಿದ್ದರೆ, ಅವರ ನಾಲ್ಕನೆಯ ಪುಟದ ಕೊನೆಯ ವಾಕ್ಯ ಬೇರೆಯಾಗಿರುತ್ತಿತ್ತು ಎಂಬ ಭರವಸೆ ನನಗಿಲ್ಲ.

ಆ ‘ಅನ್ಯೋನ್ಯ’ದ ವಾಕ್ಯ ಎಲ್ಲಿಂದ ಬಂತು? ಮೆಟ್ಕಾಫ್ ಎಂಬ ಬ್ರಿಟಿಷ್ ಅಧಿಕಾರಿ 1830ರಲ್ಲಿ ನಮ್ಮ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಹೊಗಳಿದ. ರಾಷ್ಟ್ರೀಯವಾದಿಗಳು ಆ ಹೊಗಳಿಕೆಯನ್ನು ಎತ್ತಿಕೊಂಡು ಗ್ರಾಮಸ್ವರಾಜ್ಯ ಮಾಡಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಇದನ್ನು ಮುಖಕ್ಕೆ ಹೊಡೆದಂತೆ ತಿರಸ್ಕರಿಸಿದರು. ಹಳ್ಳಿಯೆಂದರೆ ಸಂಕುಚಿತತೆಯ ಕೂಪ, ಅಜ್ಞಾನದ ಗುಹೆ ಎಂಬರ್ಥದ ಮಾತಾಡಿದರು. ಅನೇಕ ಸದಸ್ಯರಿಗೆ ಸಿಟ್ಟು ಬಂತು. ನಮ್ಮ ಕನ್ನಡದ ಲೇಖಕರಲ್ಲಿ ಹಲವರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ನವೋದಯದ ಹಳ್ಳಿ ನಗುವ ಹಳ್ಳಿ. ಗೊರೂರರ ‘ಹಳ್ಳಿಯ ಚಿತ್ರಗಳು’ ಓದಿ ನಾನೂ ನಕ್ಕಿದ್ದೇನೆ, ಆ ಕಲೆಗೆ ನನ್ನ ತಕರಾರಿಲ್ಲ. ಆದರೆ ನಗುವವನು ಎಲ್ಲಿ ಕೂತು ನಗುತ್ತಿದ್ದಾನೆ ಎಂದು ನೋಡಿದರೆ, ಅಗಸಿಯ ಒಳಗಿನ ಕಟ್ಟೆಯ ಮೇಲೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಒಂದು ಹುಂಜ, ಒಂದಿಷ್ಟು ಕಡಲೆಕಾಯಿ, ಪೊಲೀಸರ ಬರವು. ಊರಿನ ಹೆಸರು ಹುಟ್ಟಿದ ಕತೆ ಅಲ್ಲಿಲ್ಲ, ಗುಡಿ ಕಟ್ಟಿಸಿದ ದಂಡನಾಯಕ ಇಲ್ಲ. ಆದರೂ ನನಗೆ ಗೊತ್ತಿರುವ ಗ್ರಾಮಚರಿತ್ರೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವಿಮರ್ಶಕರು ಅದನ್ನು ಕತೆಯೆಂದು ಓದಿ ಸಂವೇದನೆ, ಭಾಷೆ, ಪ್ರತಿಮೆ ಎಂದು ಬರೆದರು. ಚರಿತ್ರೆಯ ವಿಭಾಗದವರು ಅದು ಸಾಹಿತ್ಯವೆಂದು ಮುಟ್ಟಲೇ ಇಲ್ಲ. ಇದೂ ಒಂದು ಬಗೆಯ ಮಡಿ.

ಈಗ ಇನ್ನೊಂದು ಖಾನೇಸುಮಾರಿ ಎದುರಿಗಿದೆ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ 2027ರ ಮಾರ್ಚ್ 1 ಆಧಾರ ದಿನವೆಂದು ಪ್ರಕಟವಾಗಿದೆ. 1931ರ ನಂತರ ಮೊದಲ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರಂತೆ. ಒಳ್ಳೆಯದೇ. ಇಷ್ಟು ಕಾಲ ಜಾತಿ ಇದ್ದದ್ದು ಕೇರಿಯವರಿಗೆ ಮಾತ್ರ ಎಂಬಂತೆ ನಮ್ಮನ್ನಷ್ಟೇ ಕೇಳಿ ಬರೆದುಕೊಳ್ಳುತ್ತಿದ್ದರು; ಊರಿನವರು ಬರಿಯ ‘ಒಟ್ಟು’ ಆಗಿ ಅಡಗಿಕೊಂಡಿದ್ದರು. ಅವರೂ ಈ ಸಲ ಹೆಸರು ಹೇಳಲಿ. ಆದರೆ ಯಾವ ಹೊಸ್ತಿಲು ಯಾರಿಗೆ ಮುಚ್ಚಿದೆ ಎಂಬ ಅಂಕಣವನ್ನು ನಾವೇ ಹಾಕಿಕೊಳ್ಳಬೇಕು. ಅದಕ್ಕೆ ದೊಡ್ಡ ಯೋಜನೆ, ಅನುದಾನ ಬೇಡ. ಸಂಘಟನೆಯ ಹುಡುಗರು ಊರಿಗೊಂದು ನೋಟುಬುಕ್ಕು ಇಟ್ಟರೆ ಸಾಕು. ಕೇರಿಯಲ್ಲಿ ಮೊದಲು ಹತ್ತನೆಯ ತರಗತಿ ಪಾಸಾದವರು ಯಾರು, ಹೋಟೆಲಿನ ಲೋಟ ಯಾವ ವರ್ಷ ಒಂದಾಯಿತು ಅಥವಾ ಆಗಲಿಲ್ಲ, ಇನಾಮು ಹೊಲ ಎಷ್ಟಿತ್ತು ಮತ್ತು ಯಾವ ಬರಗಾಲಕ್ಕೆ ಹೋಯಿತು, ಹಲಗಿ ಬಡಿಯುವುದಿಲ್ಲ ಎಂದು ಮೊದಲು ಹೇಳಿದವನಿಗೆ ಏನಾಯಿತು. ಮುದುಕಿಯರನ್ನು ಮೊದಲು ಕೇಳಬೇಕು. ಗಂಡಸರಿಗೆ ಜಗಳದ ವರ್ಷ ನೆನಪಿರುತ್ತದೆ. ಅದಕ್ಕೂ ಹಿಂದೆ ನೀರು ತರಲು ಎಷ್ಟು ದೂರ ನಡೆದೆವು ಎಂಬುದು ಹೆಂಗಸರಿಗೇ ನೆನಪು.

ಆ ಹುಡುಗಿಗೆ ಪುಟವನ್ನು ತಿರುಗಿಸಿ ಕೊಟ್ಟು, ‘ನಿಮ್ಮ ಅಮ್ಮನ ಹತ್ತಿರ ಕೂತು ಬರಿ’ ಅಂದಿದ್ದೆ. ಅಮ್ಮ ಅಂದರೆ ನಮ್ಮ ಕಡೆ ಅಜ್ಜಿ. ಹದಿನೈದು ದಿನ ಬಿಟ್ಟು ಬಂದಳು. ಒಂಬತ್ತು ಪುಟ ಆಗಿತ್ತು, ಅಲ್ಲಲ್ಲಿ ಹೊಡೆದುಹಾಕಿದ್ದಳು, ಇಸವಿಗಳ ಬದಲು ‘ದೊಡ್ಡ ಬರದ ವರ್ಷ’, ‘ಕಾಲುವಿ ನೀರು ಬಂದ ವರ್ಷ’, ‘ನಮ್ಮ ದೊಡ್ಡಪ್ಪ ಊರು ಬಿಟ್ಟ ವರ್ಷ’ ಎಂದು ಬರೆದಿದ್ದಳು. ಮೊದಲ ಪುಟದಲ್ಲಿ ಬಾವಿಯ ಮಾತಿತ್ತು. ಊರಿನ ಬಾವಿಯ ಕಟ್ಟೆಗೆ ಕಲ್ಲು ಹೊತ್ತದ್ದು ಅವರ ಮುತ್ತಜ್ಜ. ಕಟ್ಟೆ ಮುಗಿದ ದಿನ ಆತನಿಗೆ ಬೊಗಸೆಯೊಡ್ಡಿಸಿ ಮೇಲಿನಿಂದ ನೀರು ಹಾಕಿದರಂತೆ. ಜನಸಂಖ್ಯೆ ಎಂಬ ತಲೆಬರಹದ ಕೆಳಗೆ ಕೇರಿಯ ನಲವತ್ತೆರಡು ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಬರೆದು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬೀಗ ಬಿದ್ದಿರುವ ಹನ್ನೊಂದು ಮನೆಗಳ ಮುಂದೆ ಗುರುತು ಹಾಕಿದ್ದಳು. ಕೊನೆಯ ವಾಕ್ಯ ಬರೆದಿರಲಿಲ್ಲ.

‘ಯಾಕ, ಮುಗಿಸಿಲ್ಲಲ್ಲ?’ ಎಂದೆ.

‘ಅಮ್ಮ ಇನ್ನಾ ಹೇಳಾಕತ್ಯಾಳ್ರಿ ಸರ’ ಅಂದಳು.